ಹರಸಿದ ಬಾಯಿ

"ಈ ಸಾವಿಗೂ ಪ್ರಯೋಗದ ಔಷಧಕ್ಕೂ ಸಂಬಂಧ ಕಾಣುವುದಿಲ್ಲ."

ಕೊಯಮತ್ತೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಹೃದ್ರೋಗ ತಜ್ಞರೊಬ್ಬರು ಈ ಮಾತನ್ನು ಬಹಳ ಮೆಲ್ಲಗೆ, ಬಹಳ ಮರ್ಯಾದೆಯಿಂದ ಹೇಳಿದರು. ಸತ್ತವರ ಹೆಂಡತಿ ಅವರೆದುರು ಕುಳಿತಿದ್ದರು. ಪಕ್ಕದಲ್ಲಿ ನಾನಿದ್ದೆ. ಕಾಣದಿರುವುದಕ್ಕೂ ನೋಡದಿರುವುದಕ್ಕೂ ಇರುವ ಅಂತರ ಎಷ್ಟು ದೊಡ್ಡದೆಂದು ಆ ಕೋಣೆಯಲ್ಲಿ ನನಗೆ ತಿಳಿಯಿತು. ಅದನ್ನು ತಿಳಿಸಬೇಕಾದರೆ ಸತ್ತವರು ಎಂಥ ಮನುಷ್ಯರಾಗಿದ್ದರು ಎಂಬುದನ್ನು ಮೊದಲು ಹೇಳಬೇಕು. ಆಸ್ಪತ್ರೆಯ ಕಡತಗಳಲ್ಲಿ ಅವರ ತೂಕವಿದೆ, ನಾಡಿಯಿದೆ, ರಕ್ತದ ಒತ್ತಡವಿದೆ. ಅವರು ಮಾತ್ರ ಇಲ್ಲ.

ಅವರು ನನಗೆ ಮಾಮ. ರಕ್ತದ ನಂಟು ದೂರದ್ದು. ಆದರೆ ನನ್ನ ಅವ್ವೆ ಹುಟ್ಟಿದ ಹಟ್ಟಿಯ ಗಂಡಸರೆಲ್ಲ ನೀಲಗಿರಿಯ ನಮ್ಮ ಬಡಗರ ಲೆಕ್ಕದಲ್ಲಿ ನನಗೆ ಮಾಮಂದಿರೇ. ಅವರ ಹೆಸರನ್ನು ಬರೆಯುವುದಿಲ್ಲ. "ಹೆಸರು ಬರೆಯಬೇಡ ಕೂಸೇ," ಎಂದಿದ್ದಾರೆ ಮಾಮಿ. "ಹೆಸರು ಬರೆದರೆ ಅವ ಒಬ್ಬನ ಕತೆ ಆಗಿ ಮುಗಿದುಹೋಗುತ್ತೆ."

ಊಟಿಯಿಂದ ನಡುವಟ್ಟಂ ಹಾದು ಗೂಡಲೂರಿಗೆ ಇಳಿಯುವ ಸರ್ಕಾರಿ ಬಸ್ಸಿನ ಚಾಲಕರಾಗಿ ಮಾಮ ತಮ್ಮ ಆಯುಷ್ಯದ ಬಹುಭಾಗವನ್ನು ಕಳೆದರು. ಆ ಬಸ್ಸಿನಲ್ಲಿ ಬಡಗ, ತಮಿಳು, ಮಲಯಾಳ, ಕನ್ನಡ ನಾಲ್ಕೂ ಒಂದೇ ಸೀಟಿನಲ್ಲಿ ಒತ್ತಿಕೊಂಡು ಕೂರುತ್ತಿದ್ದವು. ಮಾಮ ನಾಲ್ಕರಲ್ಲೂ ತಮಾಷೆ ಮಾಡಬಲ್ಲವರಾಗಿದ್ದರು, ಒಂದರಲ್ಲೂ ಬೈದವರಲ್ಲ. ಎದುರಿನ ಲಾರಿ ತಿರುವಿನಲ್ಲಿ ಮೈಮೇಲೆ ಬಂದರೂ ಅವರ ಬಾಯಿಂದ ಹೊರಡುತ್ತಿದ್ದುದು "ಬಾ ಅಪ್ಪಾ, ಬಾ, ದಾರಿ ನಿನ್ನದೇ" ಎಂಬಷ್ಟೇ. ಕಂಡಕ್ಟರು ರೇಗುತ್ತಿದ್ದನಂತೆ: "ಅಣ್ಣಾ, ಲಾರಿಯವನಿಗೆ ಆರತಿ ಒಂದು ಎತ್ತಿಬಿಡು!"

ಒಮ್ಮೆ ಮಳೆಗಾಲದಲ್ಲಿ, ನಡುವಟ್ಟಂ ದಾಟಿದ ಮೇಲಿನ ಇಳಿಜಾರಿನಲ್ಲಿ, ಕಾಡು ಮುಚ್ಚುವಷ್ಟು ಮಂಜು ಕವಿದಿದ್ದಾಗ, ಬ್ರೇಕು ಹಿಡಿತ ಬಿಡುತ್ತಿರುವುದು ಅವರ ಕಾಲಿಗೆ ತಿಳಿಯಿತು. ಬಸ್ಸು ತುಂಬ ಜನ. ಮಾಮ ಗೇರು ಇಳಿಸುತ್ತ, ಮುಂದಿನ ಚಕ್ರವನ್ನು ಮಣ್ಣಿನ ದರೆಗೆ ಆನಿಸಿ ನಿಲ್ಲಿಸಿ, ಹಿಂದಿರುಗಿ ನೋಡಿ ನಕ್ಕು, "ಎನಗೆ ಚಾಯ ಕುಡಿಯದೆ ಆಗದು, ಎಲ್ಲ ಇಳಿಯಿರಿ, ಆ ಕಾಣುವ ಅಂಗಡಿಗೆ ನಡೆಯೋಣ" ಎಂದರು. ಮಲಯಾಳದ ಮುದುಕಿಯೊಬ್ಬಳು ಇಳಿಯುತ್ತಲೇ ಗೊಣಗಿದಳು: "ಡ್ರೈವರನ ಚಾಯದ ಚಟಕ್ಕೆ ನಾವು ಮಳೆಯಲ್ಲಿ ನೆನೆಯಬೇಕೋ?"

"ಕೆಟ್ಟ ಚಟ ಅಮ್ಮಚ್ಚೀ, ಏನು ಮಾಡಲಿ," ಎಂದರು ಮಾಮ. ಕೊನೆಯವನು ಇಳಿದ ಮೇಲೆಯೇ ಚಕ್ರಕ್ಕೆ ಕಲ್ಲು ಕೊಟ್ಟದ್ದು. ನಿಜ ಸಂಗತಿ ಪ್ರಯಾಣಿಕರಿಗೆ ಗೊತ್ತಾಗಲಿಲ್ಲ. "ಹೆದರಿಸಿದರೆ ಮೊದಲು ಕೆಡುವುದು ಜನ, ಬ್ರೇಕು ಆಮೇಲೆ," ಎನ್ನುವುದು ಅವರ ಸಿದ್ಧಾಂತ. ಅಪಾಯವನ್ನು ತಾನೊಬ್ಬನೇ ಹೊತ್ತು, ಬೆನ್ನ ಹಿಂದಿನವರಿಗೆ ನಗುಮುಖ ತೋರಿಸುವುದು ಅವರ ಕಸುಬಿನ ಮರ್ಯಾದೆಯಾಗಿತ್ತು. ಈ ಸಂಗತಿಯನ್ನು ಹಟ್ಟಿಯವರು ಮೆಚ್ಚಿಕೊಂಡು ಹೇಳುತ್ತಾರೆ. ನಾನೂ ಮೆಚ್ಚಿಕೊಂಡೇ ಕೇಳುತ್ತಿದ್ದೆ. ಈಗ ಕೇಳಲಾಗುವುದಿಲ್ಲ.

ಹಟ್ಟಿಯಲ್ಲಿ ಮಾಮನಿಗೆ ಇನ್ನೊಂದು ಹೆಗ್ಗಳಿಕೆಯಿತ್ತು. ಚಿಕ್ಕವರು ತಲೆ ಬಾಗಿದರೆ ಹಿರಿಯರು ನೆತ್ತಿಯ ಮೇಲೆ ಕೈಯಿಟ್ಟು ಹರಸುವುದು ನಮ್ಮಲ್ಲಿ ನಮಸ್ಕಾರದಷ್ಟೇ ಸಹಜ. ಹೆಚ್ಚಿನವರು ಎರಡು ಮಾತಿನಲ್ಲಿ ಮುಗಿಸುತ್ತಾರೆ. ಮಾಮ ಹಾಗಲ್ಲ. ತಲೆಗೆ ಸುತ್ತಿದ ಮಂಡರೆಯನ್ನು ಸರಿಪಡಿಸಿಕೊಂಡು, ಹೊದ್ದ ಸೀಲೆಯ ಅಂಚನ್ನು ಹೆಗಲಿಗೆಸೆದು, ಎದುರಿಗಿರುವವರ ಬದುಕನ್ನು ಒಮ್ಮೆ ಕಣ್ಣಳತೆಯಲ್ಲಿ ಅಳೆದು, ಅವರಿಗಷ್ಟೇ ಒಪ್ಪುವ ಹರಕೆಯನ್ನು ಒಂದೇ ಉಸಿರಿನಲ್ಲಿ ಕಟ್ಟುತ್ತಿದ್ದರು. ನಾನು ಮೈಸೂರಿಗೆ ಓದಲು ಹೊರಟ ದಿನ ಅವರು ಹರಸಿದ್ದು ನೆನಪಿದೆ: "ಹೋದ ಕಡೆ ಒಳ್ಳಂಗೆ ಇರು, ಮೆಟ್ಟಿದ ಕಲ್ಲು ಮೆತ್ತಗಾಗಲಿ, ಕುಡಿದ ನೀರು ಹಾಲಾಗಲಿ, ಓದಿದ ಅಕ್ಷರ ಉಳಿಯಲಿ, ಹಿಡಿದ ಬಸ್ಸಲ್ಲಿ ಕಿಟಕಿ ಸೀಟು ಸಿಗಲಿ, ಕೇಳಬೇಕಾದವನ ಹತ್ತಿರ ಕೇಳುವ ಬಾಯಿ ಬರಲಿ." ಕಿಟಕಿ ಸೀಟಿಗೆ ಎಲ್ಲರೂ ನಕ್ಕರು. ಮಾಮ ನಗಲಿಲ್ಲ, ಅದು ಅವರಿಗೆ ಗಂಭೀರವಾದ ವಿಷಯವಾಗಿತ್ತು.

ಹರಸಿದ ಮೇಲೆ ಅವರದೊಂದು ನೇಮ. ಹರಸಿಕೊಂಡವರು ಎದ್ದು ಕಣ್ಮರೆಯಾಗುವ ತನಕ ಅವರೆದುರು ಕೆಟ್ಟ ಸುದ್ದಿ, ನೋವು, ದೂರು ಯಾವುದನ್ನೂ ಬಾಯಿಗೆ ತರಬಾರದು. ತಂದರೆ ಕೊಟ್ಟ ಹರಕೆಯನ್ನು ಕಿತ್ತುಕೊಂಡಂತೆ. ಇದು ಹಟ್ಟಿಯ ಕಟ್ಟಳೆಯೇನಲ್ಲ, ಅವರು ತಾವೇ ಹಾಕಿಕೊಂಡದ್ದು. ಮಾಮಿ ಇದನ್ನು ಹಾಸ್ಯ ಮಾಡದ ದಿನವಿಲ್ಲ. "ಹಾಲು ಉಕ್ಕಿ ಒಲೆ ಆರಿದರೂ ಹೇಳ ಇವ, ಹರಸಿಕೊಂಡವ ಒಬ್ಬ ಮನೆಯಲ್ಲಿ ಕೂತಿದ್ದರೆ! 'ನಾ ಒಳ್ಳಂಗೆ ಇದ್ದನೆ, ಎಲ್ಲ ಒಳ್ಳಂಗೆ' ಎಂದು ಹಲ್ಲು ಬಿಡುತ್ತಾನೆ, ಆಚೆ ಹಾಲು ಹರಿದು ಹಿತ್ತಲು ಸೇರಿರುತ್ತೆ."

ನಿವೃತ್ತಿಯಾದ ಮೇಲೆ ಅವರ ಹೃದಯ ಸೋಲತೊಡಗಿತು. ಮೊದಲು ಹರಕೆಯಲ್ಲಿಯೇ ಅದು ಕಾಣಿಸಿಕೊಂಡಿತು. ಒಂದೇ ಉಸಿರಿನ ಮಾತು ನಡುವೆ ತುಂಡಾಗತೊಡಗಿತು. ತಲೆ ಬಾಗಿದವರು ಬಾಗಿಕೊಂಡೇ ಇರುವರು, ಮೇಲೆ ಕೈ ಮುಂದಿನ ಉಸಿರಿಗೆ ಕಾಯುವುದು. ಆಮೇಲೆ ಸಂಜೆಗೆ ಪಾದ ಊದಿಕೊಂಡು ಚಪ್ಪಲಿ ಹಿಡಿಸದಾಯಿತು. ಮಲಗಲಾಗದೆ ಗೋಡೆಗೊರಗಿ ಕೂತು ನಿದ್ದೆ ಮಾಡುವಂತಾಯಿತು. ಹೃದಯದ ಸ್ನಾಯು ಹಿಗ್ಗಿ ಸಡಿಲವಾಗಿದೆ, ರಕ್ತವನ್ನು ದೂಡುವ ಬಲ ಅರ್ಧಕ್ಕಿಂತ ಕೆಳಗಿಳಿದಿದೆ ಎಂದರು ವೈದ್ಯರು. ನೀರಿಗೆ ಮಿತಿ, ಉಪ್ಪಿಗೆ ಮಿತಿ. ಮಾಮಿ ಮಾಡುವ ಅವರೆಯ ಸಾರಿನಲ್ಲಿ, ನಮ್ಮ ಉದಕದಲ್ಲಿ, ಉಪ್ಪು ಇಲ್ಲವಾಯಿತು. "ಎತ್ತೆ ಇದೆ ಸಾರು?" ಎಂದು ಕೇಳಿದರೆ ಮಾಮ ಅದಕ್ಕೂ "ಒಳ್ಳಂಗೆ" ಎನ್ನುತ್ತಿದ್ದರು.

ಇಲ್ಲಿ ಸ್ವಲ್ಪ ನಿಂತು ಒಂದು ವಿಷಯ ಹೇಳಬೇಕು. ಸೋತ ಹೃದಯಕ್ಕೆ ಇಂದು ಕೊಡುವ ಹೆಚ್ಚಿನ ಔಷಧಗಳು ಅದರ ಹೊರೆಯನ್ನು ಇಳಿಸುತ್ತವೆ. ಸ್ನಾಯುವಿನ ಹಿಂಡುವ ಬಲವನ್ನೇ ನೇರವಾಗಿ ಹೆಚ್ಚಿಸುವ ಔಷಧ ವೈದ್ಯಲೋಕದ ಹಳೆಯ ಆಸೆ. ಹಿಂದೆ ಬಂದ ಅಂಥ ಕೆಲವು ಔಷಧಗಳು ದಣಿದ ಎತ್ತಿಗೆ ಚಾಟಿ ಬೀಸಿದಂತೆ ಕೆಲಸ ಮಾಡಿದವು: ರೋಗಿ ಕೆಲಕಾಲ ಹುರುಪಿನಿಂದ ಓಡಾಡಿದ, ಬೇಗನೆ ಸತ್ತ. ಈಗ ಪ್ರಯೋಗದಲ್ಲಿರುವ ಹೊಸ ಬಗೆಯ ಔಷಧ ಸ್ನಾಯುವಿನ ಎಳೆಗಳೊಳಗೇ ಕೂತು, ಪ್ರತಿ ಬಡಿತದಲ್ಲೂ ಹೃದಯ ತುಸು ಹೆಚ್ಚು ಹೊತ್ತು ಹಿಂಡುವಂತೆ ಮಾಡುತ್ತದೆ. ಪ್ರಮಾಣ ಮೀರಿದರೆ ಹಿಡಿದ ಮುಷ್ಟಿ ಬೇಗ ಬಿಚ್ಚಿಕೊಳ್ಳುವುದಿಲ್ಲ. ಹೃದಯ ತನ್ನನ್ನು ತುಂಬಿಕೊಳ್ಳಲು ಹೊತ್ತು ಸಾಲದೆ, ಅದರ ಸ್ನಾಯುವೇ ಹಸಿಯುತ್ತದೆ. ಆಗ ರೋಗಿಗೆ ಎದೆ ಬಿಗಿಯಬಹುದು. ಆದ್ದರಿಂದ ರಕ್ತದಲ್ಲಿ ಔಷಧದ ಮಟ್ಟವನ್ನು ಅಳೆಯುತ್ತಾರೆ; ಜೊತೆಗೆ, ಎದೆ ಬಿಗಿಯುತ್ತದೆಯೇ ಎಂದು ರೋಗಿಯನ್ನು ಕೇಳುತ್ತಾರೆ. ಎರಡನೆಯದಕ್ಕೆ ಯಂತ್ರವಿಲ್ಲ. ಮನುಷ್ಯನನ್ನು ಮನುಷ್ಯ ಕೇಳಬೇಕು.

ಪ್ರಯೋಗಗಳೇ ಬೇಡ ಎನ್ನುವವಳು ನಾನಲ್ಲ. ಮುಗ್ಧ ಬೆಟ್ಟದ ಮುದುಕನಿಗೆ ಅರ್ಥವಾಗದ ಕಾಗದಕ್ಕೆ ಪಟ್ಟಣದವರು ಸಹಿ ಹಾಕಿಸಿಕೊಂಡರು ಎಂಬ ಸುಲಭದ ಕತೆಯನ್ನು ಹೇಳಲೂ ನಾನು ಬಂದಿಲ್ಲ. ಈ ಪ್ರಯೋಗಕ್ಕೆ ಸೇರುತ್ತೀರಾ ಎಂದು ಮಾಮನನ್ನು ಕೇಳಿದಾಗ ಕೊಯಮತ್ತೂರಿನ ಆ ವೈದ್ಯರು ತಮಿಳಿನಲ್ಲಿ, ಆತುರವಿಲ್ಲದೆ, ಎಲ್ಲವನ್ನೂ ವಿವರಿಸಿದರು: ಕೆಲವರಿಗೆ ಔಷಧ, ಕೆಲವರಿಗೆ ಔಷಧವಿಲ್ಲದ ಅದೇ ರೂಪದ ಮಾತ್ರೆ, ಯಾರಿಗೆ ಯಾವುದೆಂದು ಕೊಡುವ ವೈದ್ಯರಿಗೂ ಗೊತ್ತಿರದು. ಮಾಮನಿಗೆ ಅದು ಚೆನ್ನಾಗಿಯೇ ಅರ್ಥವಾಯಿತು, ಒಪ್ಪಿ ಸಹಿ ಹಾಕಿದರು. "ಎನಗೆ ಹಿಟ್ಟಿನ ಮಾತ್ರೆ ಬಂದರೂ ಚಿಂತೆ ಇಲ್ಲೆ," ಎಂದು ಮನೆಗೆ ಬಂದು ಹೇಳಿದರು. "ಯಾರಾದರೊಬ್ಬ ಹಿಂದಿನ ಸೀಟಲ್ಲಿ ಕೂರಲೇಬೇಕಲ್ಲ."

ಮಾತ್ರೆ ತೊಡಗಿದ ಮೇಲೆ ಅವರೊಡನೆ ಒಮ್ಮೆ ನಾನು ಆಸ್ಪತ್ರೆಗೆ ಹೋಗಿದ್ದೆ. ಪ್ರಯೋಗದ ರೋಗಿಗಳನ್ನು ವಿಚಾರಿಸಿಕೊಳ್ಳುವ ಕೋಆರ್ಡಿನೇಟರ್ ಕೋತಗಿರಿ ಕಡೆಯ ಹಟ್ಟಿಯ ಹುಡುಗಿ, ಬಡಗರವಳೇ. ಅವಳನ್ನು ಕಂಡು ಮಾಮನ ಮುಖ ಅರಳಿತು. ಅವಳು ಕಂಪ್ಯೂಟರ್ ಬಿಟ್ಟೆದ್ದು ಬಂದು ತಲೆ ಬಾಗಿದಳು. ಆ ಬಿಳಿ ಗೋಡೆಗಳ ನಡುವೆ ಮಾಮ ಮಂಡರೆ ಸರಿಪಡಿಸಿಕೊಂಡು ಹರಸಿದರು: ಒಳ್ಳೆಯ ಗಂಡ ಸಿಗಲಿ, ಸಿಗದಿದ್ದರೆ ಒಳ್ಳೆಯ ಸಂಬಳವಾದರೂ ಸಿಗಲಿ, ನೀ ಮುಟ್ಟಿದವರೆಲ್ಲ ಗುಣವಾಗಲಿ.

"ಕೊನೆಯದು ಒಂದು ಆಗಲಿ ಮಾಮ, ಗಂಡ ತಡವಾದರೂ ಪರವಾಗಿಲ್ಲ," ಎಂದು ನಗುತ್ತ ಕುರ್ಚಿಗೆ ಮರಳಿ ಅವಳು ಆಸ್ಪತ್ರೆಯ ತಮಿಳಿನಲ್ಲಿ ಪ್ರಶ್ನೆಗಳನ್ನು ಶುರುಮಾಡಿದಳು.

"ಎದೆ ಬಿಗಿಯುತ್ತದೆಯಾ ಮಾಮ?"

"ಇಲ್ಲೆ ಕೂಸೇ."

"ತಲೆ ಸುತ್ತು? ಎದೆ ಹೊಡೆದುಕೊಳ್ಳುವುದು?"

"ಒಂದೂ ಇಲ್ಲೆ. ನಾ ಒಳ್ಳಂಗೆ ಇದ್ದನೆ."

"ಹೋದ ಸಲಕ್ಕಿಂತ ಹೇಗೆ?"

"ಅದಕ್ಕಿಂತ ಒಳ್ಳಂಗೆ."

ಅವಳ ಬೆರಳು ಕೀಲಿಗಳ ಮೇಲೆ ಓಡಿತು. ಆ ಹುಡುಗಿಯ ವಿನಯದಲ್ಲಿ ಯಾವ ಕಪಟವೂ ಇರಲಿಲ್ಲ, ಅವರ ಹರಕೆಯಲ್ಲೂ ಇರಲಿಲ್ಲ.

ಹಿಂದಿರುಗುವಾಗ ಕಲ್ಲಾರು ದಾಟಿ ಘಾಟಿಯ ತಿರುವುಗಳು ಆರಂಭವಾಗುತ್ತಿದ್ದಂತೆ ಮಾಮ ನಮ್ಮ ಬಾಡಿಗೆ ಜೀಪು ನಿಲ್ಲಿಸಲು ಹೇಳಿದರು. ಇಳಿದು ರಸ್ತೆಯಂಚಿನ ಕಟ್ಟೆಯ ಮೇಲೆ ಕೂತು, ಅಂಗೈಯನ್ನು ಎದೆಯ ನಡುವೆ ಒತ್ತಿ ಹಿಡಿದರು. ಹಣೆಯ ಮೇಲೆ ಬೆವರು. ಮಾತು ಬರಲು ಹೊತ್ತು ಹಿಡಿಯಿತು.

"ಎಂದಿನಿಂದ ಹೀಗೆ ಮಾಮ?"

"ಮಾತ್ರೆ ಸುರುವಾಗಿ ಸ್ವಲ್ಪ ದಿನಕ್ಕೆ. ಬರುತ್ತೆ, ಹೋಗುತ್ತೆ. ಯಾರೋ ಒಳಗೆ ಹಗ್ಗ ಬಿಗಿದ ಹಾಗೆ."

"ಈಗಷ್ಟೇ ಕೇಳಿದಳಲ್ಲ, ಅವಳಿಗೆ ಏಕೆ ಹೇಳಲಿಲ್ಲ?"

ಅವರು ನನ್ನನ್ನು ತಿಳಿಗೇಡಿಯನ್ನು ನೋಡಿದಂತೆ ನೋಡಿದರು. "ನೀ ಮುಟ್ಟಿದವರೆಲ್ಲ ಗುಣವಾಗಲಿ ಎಂದು ಹರಸಿ, ಆ ಬಾಯಲ್ಲೇ ಎನಗೆ ಗುಣ ಇಲ್ಲೆ ಎನ್ನಲಾ? ಅವಳ ನೆತ್ತಿ ಇನ್ನೂ ಬಿಸಿ ಇತ್ತು ಕೂಸೇ."

"ಹಾಗಾದರೆ ಡಾಕ್ಟರಿಗೆ?"

"ಎನ್ನೊಬ್ಬನಿಂದ ಔಷಧ ನಿಂತುಹೋದರೆ? ಹಿಂದೆ ಎಷ್ಟು ಜನ ಕೂತಿದ್ದಾರೋ. ಒಬ್ಬನಿಗೆ ವಾಂತಿ ಬಂತು ಎಂದು ಘಾಟಿ ನಡುವೆ ಬಸ್ಸು ತಿರುಗಿಸುತ್ತಾರಾ?"

ಜಗತ್ತಿನ ಬೇರಾವ ಪ್ರಯೋಗದ ರೋಗಿಯೂ ಮಾಡಲಾರದ ತಪ್ಪನ್ನು ಅವರು ಮಾಡುತ್ತಿದ್ದರು. ಅದು ಅವರ ಒಳ್ಳೆಯತನದಿಂದಲೇ ಹುಟ್ಟಿದ ತಪ್ಪು. ನಾನು ಅಲ್ಲಿಂದಲೇ ಕೋಆರ್ಡಿನೇಟರಿಗೆ ಫೋನು ಮಾಡಿದೆ. ಎದೆ ಬಿಗಿಯುತ್ತಿದೆ, ಮಾತ್ರೆ ಶುರುವಾದ ಮೇಲೆಯೇ ಶುರುವಾಗಿದೆ, ಅವರು ನಿಮ್ಮೆದುರು ಹೇಳುವುದಿಲ್ಲ, ಹೇಳದಿರಲು ಕಾರಣ ಇದು, ಎಂದು ಒಂದೊಂದಾಗಿ ತಿಳಿಸಿದೆ. ಅವಳು ಗಾಬರಿಯಾದಳು, ವೈದ್ಯರಿಗೆ ಆ ದಿನವೇ ಹೇಳಿದಳು. ಅವಳ ಮಟ್ಟಿಗೆ ಅವಳು ಮಾಡಿದ್ದು ಸರಿ.

ಮರುದಿನ ವೈದ್ಯರು ಮಾಮನಿಗೆ ಫೋನು ಮಾಡಿದರು. ನಾನು ಜಗಲಿಯಲ್ಲೇ ಕೂತಿದ್ದೆ. ಮಾಮ ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಎದ್ದು ನಿಂತು, ತಮಿಳಿನಲ್ಲಿ ಹೇಳಿದರು: "ಒಂದೂ ಇಲ್ಲ ಡಾಕ್ಟರೇ. ಘಾಟಿ ಹತ್ತುವಾಗ ಸ್ವಲ್ಪ ವಾಯು. ನಮ್ಮ ಹುಡುಗಿ ಓದಿದವಳು ನೋಡಿ, ಬೇಗ ಹೆದರುತ್ತಾಳೆ."

"ಸುಳ್ಳು! ಕೊಡು ಇತ್ತ," ಎಂದು ಮಾಮಿ ಒಳಗಿನಿಂದ ಓಡಿ ಬರುವಷ್ಟರಲ್ಲಿ ಅತ್ತ ಫೋನು ಇಟ್ಟಾಗಿತ್ತು. ನಾನು ಮತ್ತೆ ಮಾಡಿದೆ. ಯಾರೂ ಎತ್ತಲಿಲ್ಲ. ರೋಗಿ ಅಲ್ಲಗಳೆದ ಮೇಲೆ ವಿಷಯ ಮುಗಿದಿತ್ತು. ಆಸ್ಪತ್ರೆಯವರು ಒಂದು ದಿನವೂ ಮುಂಚಿತವಾಗಿ ಕರೆಸಿ ಪರೀಕ್ಷಿಸಲಿಲ್ಲ. ಹೆಂಡತಿಯನ್ನು ಕೇಳಲಿಲ್ಲ. ಹಾಗೆ ಮಾಡದಂತೆ ಯಾವ ನಿಯಮವೂ ಅವರನ್ನು ತಡೆದಿರಲಿಲ್ಲ.

ಮುಂದಿನ ಭೇಟಿಗೆ ದಿನ ಬರುವ ಮುಂಚೆಯೇ ಮಾಮ ತೀರಿಕೊಂಡರು. ಬೆಳಗಿನ ಬಿಸಿಲು ಚಹಾ ಗಿಡಗಳ ಮೇಲೆ ಬಿದ್ದ ಹೊತ್ತು. ತೋಟದ ಮೇಲಿನ ಸಾಲಿನ ತನಕ ಹತ್ತಿ ಹೋದವರು ಇಳಿದು ಬಂದು ಮನೆಯೆದುರಿನ ಕಲ್ಲಿನ ಮೇಲೆ ಕೂತರು. ಮಾಮಿ ಕರಿಚಹಾ ತಂದುಕೊಟ್ಟರು. "ಸಕ್ಕರೆ ಸಾಕಾ?" ಎಂದು ಕೇಳಿದರು. ಉತ್ತರ ಬರಲಿಲ್ಲ. ಬದುಕಿನಲ್ಲಿ ಮೊದಲ ಬಾರಿಗೆ ಅವರು ಒಳ್ಳಂಗೆ ಎನ್ನದೆ ಸುಮ್ಮನಿದ್ದದ್ದು ಅದು ಎಂದು ಮಾಮಿ ಈಗಲೂ ಹೇಳುತ್ತಾರೆ.

ಸಾವಿನ ಕ್ರಿಯೆಗಳು ಮುಗಿದ ಮೇಲೆ ಮಾಮಿಯೂ ನಾನೂ ಆಸ್ಪತ್ರೆಗೆ ಹೋದೆವು. ಉಳಿದ ಮಾತ್ರೆಗಳನ್ನು ತಂದು ಒಪ್ಪಿಸಬೇಕೆಂದು ಅವರೇ ಕರೆಸಿದ್ದರು. ಮಾಮಿ ಸೀಸೆಯನ್ನು ಮೇಜಿನ ಮೇಲಿಟ್ಟು ಒಂದೇ ಪ್ರಶ್ನೆ ಕೇಳಿದರು: "ಇದರ ಒಳಗೆ ಇದ್ದದ್ದು ಔಷಧವಾ, ಹಿಟ್ಟಾ?"

ಪ್ರಯೋಗ ಪೂರ್ತಿಯಾಗುವ ತನಕ ಅದನ್ನು ತಿಳಿಸಲಾಗದು ಎಂದರು ವೈದ್ಯರು. ಆಮೇಲೆ, ನಾನು ಈ ಬರಹವನ್ನು ಯಾವ ಮಾತಿನಿಂದ ಆರಂಭಿಸಿದೆನೋ ಆ ಮಾತನ್ನು ಹೇಳಿದರು. ಸಂಬಂಧ ಕಾಣದಿರಲು ಕಾರಣವನ್ನೂ ಕೊಟ್ಟರು: ಯಾವ ಭೇಟಿಯಲ್ಲೂ ಅವರು ದೂರು ಹೇಳಿದ ದಾಖಲೆಯಿಲ್ಲ; ಕೊನೆಯ ಭೇಟಿಯಲ್ಲಂತೂ ಸುಧಾರಿಸಿದ್ದರು.

"ನಾನು ಫೋನು ಮಾಡಿದ್ದೆ," ಎಂದೆ.

"ಹೌದು. ರೋಗಿಯನ್ನು ವಿಚಾರಿಸಿದೆವು. ಅಂಥದ್ದೇನೂ ಇಲ್ಲ ಎಂದರು."

"ಇಲ್ಲವೆಂದೇ ಹೇಳುತ್ತಾರೆ, ಏಕೆ ಹೇಳುತ್ತಾರೆ ಎಂಬುದನ್ನೂ ನಾನು ತಿಳಿಸಿದ್ದೆ. ಅದು ಎಲ್ಲಿ ದಾಖಲಾಗಿದೆ?"

ವೈದ್ಯರು ಕನ್ನಡಕ ತೆಗೆದು ಒರೆಸಿದರು. ಅವರು ದುಷ್ಟರಲ್ಲ; ಹಗಲಿಡೀ ಸೋತ ಹೃದಯಗಳ ನಡುವೆ ನಿಂತು ದಣಿದವರು. "ನಮ್ಮ ಪದ್ಧತಿಯಲ್ಲಿ ರೋಗಿಯ ಮಾತೇ ಕೊನೆಯದು, ಅಮ್ಮಾ. ಅದು ರೋಗಿಗೆ ನಾವು ಕೊಡುವ ಗೌರವ."

ಈ ಗೌರವದ ಬಗ್ಗೆಯೇ ನನ್ನ ತಕರಾರು. ಅನುಕೂಲವಾದ ಉತ್ತರ ಬಂದಾಗ ರೋಗಿಯ ಮಾತು ಪವಿತ್ರವಾಗುವುದು ಹೇಗೆ? ಅದೇ ಮಾಮ "ಸತ್ತೇಹೋಗುತ್ತೇನೆ" ಎಂದು ಒಂದು ಬಾರಿ ಕೂಗಿದ್ದರೆ ಅದನ್ನು ಹೀಗೆ ಪ್ರಶ್ನಿಸದೆ ಬರೆದುಕೊಳ್ಳುತ್ತಿದ್ದರೇ? ಔಷಧ ಅವರನ್ನು ಕೊಂದಿತೆಂದು ನಾನು ಹೇಳುತ್ತಿಲ್ಲ. ಅವರ ಕಾಯಿಲೆಯೇ ಕೊಂದಿರಬಹುದು. ಸೀಸೆಯಲ್ಲಿ ಬರೀ ಹಿಟ್ಟೇ ಇದ್ದಿರಬಹುದು. ಗೊತ್ತಿಲ್ಲ ಎಂಬುದೇ ನನ್ನ ಆರೋಪ. ಗೊತ್ತುಮಾಡಿಕೊಳ್ಳುವ ಅವಕಾಶ ಕೈಗೆ ಬಂದಿತ್ತು. ಅದನ್ನು ಬಿಟ್ಟುಕೊಟ್ಟು, ಬಿಟ್ಟುಕೊಟ್ಟದ್ದನ್ನೇ ಈಗ ನಿರ್ದೋಷಿತ್ವಕ್ಕೆ ಸಾಕ್ಷಿಯಾಗಿ ಮುಂದಿಡುತ್ತಿದ್ದಾರೆ. ಇದನ್ನು ನಾನು ಹೆಚ್ಚುಕಡಿಮೆ ಇದೇ ಮಾತುಗಳಲ್ಲಿ, ಇದಕ್ಕಿಂತ ಎತ್ತರದ ದನಿಯಲ್ಲಿ ಅಲ್ಲಿ ಹೇಳಿದೆ.

ಮಾಮಿ ನನ್ನ ಮೊಣಕೈ ಹಿಡಿದು ಕೂರಿಸಿದರು. ತಾವೆದ್ದು ಕೋಣೆಯ ಇನ್ನೊಂದು ಮೂಲೆಗೆ ನಡೆದು, ಕೋಆರ್ಡಿನೇಟರ್ ಹುಡುಗಿಯ ಎದುರಿಗಿದ್ದ ಕುರ್ಚಿಯಲ್ಲಿ ಕೂತರು. ರೋಗಿಗಳು ಕೂರುವ ಕುರ್ಚಿ ಅದು. ಹುಡುಗಿ ಅಷ್ಟು ಹೊತ್ತೂ ತಲೆ ಎತ್ತದೆ ಅಳುತ್ತಿದ್ದಳು.

"ಅಳಬೇಡ. ಕೇಳು," ಎಂದರು ಮಾಮಿ.

"ಏನು ಮಾಮಿ?"

"ಅವನ ಹತ್ತಿರ ಕೇಳಿದ್ದನ್ನೆಲ್ಲ ಎನ್ನ ಹತ್ತಿರ ಕೇಳು. ನಾ ಅವನಂಗೆ ಹರಸುವವಳಲ್ಲ. ಎನ್ನ ಬಾಯಿ ಖಾಲಿ ಇದೆ."

ಹುಡುಗಿ ವೈದ್ಯರ ಕಡೆ ನೋಡಿದಳು. "ಈಗ ಅದನ್ನು ಸೇರಿಸಲು ಬರುವುದಿಲ್ಲ, ಅವರ ಭೇಟಿಗಳು ಮುಗಿದಿವೆ," ಎಂದರು ಅವರು. ಹುಡುಗಿ ಕಣ್ಣೊರೆಸಿಕೊಂಡಳು. ಕಂಪ್ಯೂಟರಿನತ್ತ ತಿರುಗಲಿಲ್ಲ. ಈ ಸಲ ಆಸ್ಪತ್ರೆಯ ತಮಿಳು ಬಿಟ್ಟು ನಮ್ಮ ಬಡಗದಲ್ಲಿ ಕೇಳಿದಳು.

"ಎದೆ ಬಿಗಿಯುತ್ತಿತ್ತಾ ಮಾಮಿ, ಮಾಮನಿಗೆ?"

"ಬಿಗಿಯುತ್ತಿತ್ತು. ಮಾತ್ರೆ ನುಂಗಿ ಚಾಯ ಕುಡಿದು ಸ್ವಲ್ಪ ಹೊತ್ತಿಗೆ. ಕೇಳಿದರೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದ."

"ತಲೆ ಸುತ್ತು?"

"ತೋಟದಲ್ಲಿ ಗಿಡ ಹಿಡಿದು ನಿಲ್ಲುವುದನ್ನ ನಾನೇ ಕಂಡಿದ್ದನೆ."

"ಎದೆ ಹೊಡೆದುಕೊಳ್ಳುವುದು?"

"ಪಕ್ಕದಲ್ಲಿ ಮಲಗಿದವಳಿಗೆ ಕೇಳುತ್ತಿತ್ತು."

ಬಾಗಿಲಾಚೆ ಕಾಲಡಿಗಳ ಸದ್ದು ಹೆಚ್ಚಾಗಿತ್ತು. ನರ್ಸೊಬ್ಬಳು ಇಣುಕಿ ಹೋದಳು. ವೈದ್ಯರು ಎದ್ದು ಬಂದು ಮಾಮಿಯ ಹಿಂದೆ ನಿಂತು, ಅಷ್ಟೇ ಮೆಲ್ಲಗೆ ಹೇಳಿದರು: "ಅಮ್ಮಾ, ಇದೇ ಮಾತ್ರೆಯ ಬೇರೆ ರೋಗಿಗಳು ಹೊರಗೆ ಕಾಯುತ್ತಿದ್ದಾರೆ."

ಮಾಮಿ ಹಿಂದಿರುಗಿ ನೋಡಲಿಲ್ಲ.

"ಕಾಯಲಿ ಡಾಕ್ಟರೇ. ಅವರಿಗಾಗಿಯೇ ನಾ ಹೇಳುತ್ತಿರುವುದು."